ಬಿದ್ದ ಮನೆಯ ಸುಳ್ಳು ಅಳತೆ

ಶೇ 24ಕ್ಕೂ ಶೇ 26ಕ್ಕೂ ಇರುವ ಅಂತರ ಎಷ್ಟು? ಮಲಪ್ರಭೆಯ ದಂಡೆಯಲ್ಲಿ ಮನೆ ಕಳೆದುಕೊಂಡ ಕುಟುಂಬಕ್ಕೆ 2019ರಲ್ಲಿ ಅದು ಎರಡೂವರೆ ಲಕ್ಷ ರೂಪಾಯಿ ಆಗಿತ್ತು.

2019ರ ಆಗಸ್ಟ್‌ನಲ್ಲಿ ಹೊಳೆ ಬಂದು ಇಳಿದ ಮೇಲೆ ರಾಜ್ಯ ಸರ್ಕಾರ ಹಾನಿಯಾದ ಮನೆಗಳನ್ನು ಮೂರು ವರ್ಗ ಮಾಡಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದದ್ದು ಎ, ಶೇ 25ರಿಂದ 75ರವರೆಗಿನದು ಬಿ, ಶೇ 15ರಿಂದ 25ರವರೆಗಿನದು ಸಿ. ಎ ವರ್ಗಕ್ಕೆ 5 ಲಕ್ಷ, ಬಿ ವರ್ಗದ ಮನೆಯ ದುರಸ್ತಿಗೆ 3 ಲಕ್ಷ, ಸಿ ವರ್ಗಕ್ಕೆ 50 ಸಾವಿರ ಎಂದು ನಿಗದಿಯಾಯಿತು. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಹಾಕಿಕೊಟ್ಟ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ ಆಗ ಇದ್ದದ್ದು 95,100 ರೂಪಾಯಿ. ಅಷ್ಟರಲ್ಲಿ ಬುನಾದಿ ಮೇಲೇಳುವುದೇ ಕಷ್ಟ. ರಾಜ್ಯ ತನ್ನ ಕೈಯಿಂದ ಸೇರಿಸಿ 5 ಲಕ್ಷಕ್ಕೆ ಏರಿಸಿದ್ದು ದೊಡ್ಡ ನಿರ್ಧಾರ. ಆದರೆ ಮೊತ್ತ ಏರಿದ ದಿನವೇ, ಶೇಕಡಾವಾರು ಬರೆಯುವ ಪೆನ್ನಿನ ಬೆಲೆಯೂ ಏರಿತು.

ಆ ವರ್ಷ ನವಿಲುತೀರ್ಥದ ರೇಣುಕಾಸಾಗರ ಜಲಾಶಯದಿಂದ ಹೊರಬಿಟ್ಟ ನೀರು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಮುನವಳ್ಳಿಗೆ ನುಗ್ಗಿತು. ಅಲ್ಲಿಂದ ಮುಂದೆ ರಾಮದುರ್ಗ ಪಟ್ಟಣದ ತಗ್ಗಿನ ಓಣಿಗಳು, ಸುನ್ನಾಳ, ಹಂಪಿಹೊಳಿಯಂಥ ಊರುಗಳು ನೀರಲ್ಲಿ ನಿಂತವು. ಮೇಲ್ಭಾಗದ ಬೈಲಹೊಂಗಲ, ಕಿತ್ತೂರು ಭಾಗದಲ್ಲಿ ಹೊಳೆಗಿಂತ ಹೆಚ್ಚಾಗಿ ಬಿಡದೆ ಸುರಿದ ಮಳೆಯೇ ಗೋಡೆಗಳನ್ನು ಕೆಡವಿತು. ಹತ್ತು ವರ್ಷ ಹಿಂದೆ, 2009ರಲ್ಲಿ, ಇದೇ ಭಾಗ ಇದೇ ನೋವು ಉಂಡಿತ್ತು. ಆಗ ‘ಆಸರೆ’ ಯೋಜನೆಯಲ್ಲಿ ಹೊಸ ಮನೆಗಳು ಎದ್ದವು. ನೆರೆ, ಸಮೀಕ್ಷೆ, ಪಟ್ಟಿ, ಪಟ್ಟಿಯ ಮೇಲಿನ ತಕರಾರು ಇವೆಲ್ಲ ನಮ್ಮ ಭಾಗಕ್ಕೆ ಹೊಸವಲ್ಲ. ಬಿದ್ದ ಮನೆಗೆ ಚಿಲ್ಲರೆ ಪರಿಹಾರ, ನಿಂತ ಮನೆಗೆ ಲಕ್ಷಗಳು ಎಂಬ ಆರೋಪ ಪ್ರತಿ ನೆರೆಯ ಹಿಂದೆಯೂ ಕೇಳಿಬಂದಿದೆ. ಆರೋಪ ಮಾಡುವವರು ಬಹಳ, ಅದನ್ನು ಕಾಗದದ ಮೇಲೆ ಇಳಿಸಿ ಸರಿಯಾದ ಕಚೇರಿಗೆ ಮುಟ್ಟಿಸುವವರು ಬಹಳ ಕಡಿಮೆ. ಈ ಬರಹ ಆ ಕಡಿಮೆ ಜನಕ್ಕೆ, ಮತ್ತು ಅವರ ಜೊತೆ ನಿಲ್ಲಬೇಕಾದ ಉಳಿದವರಿಗೆ.

ಮೊದಲು ಅಳತೆ ನಡೆಯುವ ಬಗೆ ತಿಳಿದಿರಬೇಕು. ತಲಾಠಿ, ಅಂದರೆ ಈಗ ಗ್ರಾಮ ಆಡಳಿತ ಅಧಿಕಾರಿ, ಒಬ್ಬ ಎಂಜಿನಿಯರು, ಗ್ರಾಮ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೂಡಿ ಮನೆಗೆ ಬರುತ್ತಾರೆ. ಬಿದ್ದ ಭಾಗ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಪಂಚನಾಮೆ ಮಾಡುತ್ತಾರೆ, ಹಾನಿ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಆ ವಿವರ ತಾಲ್ಲೂಕು ಕಚೇರಿಗೆ ಹೋಗಿ, ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶಕ್ಕೆ ಸೇರುತ್ತದೆ. ಹಣ ಒಂದೇ ಬಾರಿಗೆ ಬರುವುದಿಲ್ಲ. ಕಟ್ಟಡ ಒಂದೊಂದು ಹಂತಕ್ಕೆ ಬಂದಂತೆ, ಸ್ಥಳದ ಗುರುತು ಇರುವ ಫೋಟೊ ಹಾಕಿದಂತೆ, ಕಂತಾಗಿ ಬರುತ್ತದೆ. ಕೇಳಲು ಇದು ಬಿಗಿಯಾದ ವ್ಯವಸ್ಥೆ. ಆದರೆ ಎಲ್ಲವೂ ನಿಂತಿರುವುದು ಮೊದಲ ದಿನದ ಆ ಶೇಕಡಾವಾರಿನ ಮೇಲೆ, ಮತ್ತು ಆ ಅಂಕಿ ಬಹುಪಾಲು ಕಣ್ಣಳತೆಯದು.

ಕಣ್ಣಳತೆ ತಪ್ಪುವುದಕ್ಕೆ ದುರುದ್ದೇಶವೇ ಬೇಕಿಲ್ಲ. ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಗೋಡೆಯವು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಕಿದ ಮಾಳಿಗೆ. ಇಂಥ ಗೋಡೆ ನೀರು ಕುಡಿದ ದಿನವೇ ಬೀಳಬೇಕೆಂದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಒಳಗಿನ ಮಣ್ಣು ಸಡಿಲಾಗಿ, ಎಂಟು ಹದಿನೈದು ದಿನ ಬಿಟ್ಟು ಕುಸಿಯುತ್ತದೆ. ಎಂಜಿನಿಯರು ಬಂದಾಗ ಬಿರುಕು ಮಾತ್ರ ಇದ್ದ ಗೋಡೆ ಮರುವಾರ ಮಾಳಿಗೆ ಸಮೇತ ನೆಲಕ್ಕೆ ಬಂದರೆ, ಸಿ ಎಂದು ಬರೆದವರು ಸುಳ್ಳು ಬರೆದಂತಲ್ಲ. ನೆನೆದ ಗೋಡೆ ಎಂಥ ಅಪಾಯ ಎಂಬುದನ್ನು 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿ ಗ್ರಾಮ ಕಂಡಿತು. ಮಳೆಗೆ ನೆನೆದ ಮನೆಯ ಗೋಡೆ ಕುಸಿದು ಏಳು ಜನ ಸತ್ತರು. ಹಾನಿಯ ಅಳತೆ ಹಣದ ಲೆಕ್ಕವಷ್ಟೇ ಅಲ್ಲ, ಆ ಮನೆಯಲ್ಲಿ ಇನ್ನು ಮಲಗಬಹುದೋ ಇಲ್ಲವೋ ಎಂಬ ತೀರ್ಮಾನವೂ ಹೌದು.

ಹಾಗಾಗಿ ದೂರು ಬರೆಯಲು ಕೂರುವ ಮೊದಲು ಒಂದನ್ನು ಬೇರ್ಪಡಿಸಿಕೊಳ್ಳಿ: ಇದು ತಪ್ಪೋ, ವಂಚನೆಯೋ? ನಂತರ ಬಿದ್ದ ಗೋಡೆ, ಎಣಿಕೆಯಲ್ಲಿ ಬಿಟ್ಟುಹೋದ ಅಡುಗೆಮನೆ, ಹೆಸರಿನ ಕಾಗುಣಿತ, ಉತಾರದಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರೇ ಇರುವುದು, ಇವಕ್ಕೆ ಬೇಕಾದದ್ದು ತಹಶೀಲ್ದಾರರಿಗೆ ಮರುಸಮೀಕ್ಷೆಯ ಅರ್ಜಿ. ಅಲ್ಲಿ ಲಂಚದ ಮಾತು ತೆಗೆದರೆ ಕೆಲಸ ಕೆಡುತ್ತದೆ. ಎದುರಿನವರು ತಮ್ಮನ್ನು ಉಳಿಸಿಕೊಳ್ಳಲು ನಿಲ್ಲುತ್ತಾರೆಯೇ ಹೊರತು ನಿಮ್ಮ ಗೋಡೆ ನೋಡಲು ಬರುವುದಿಲ್ಲ.

ವಂಚನೆಯ ಗುರುತುಗಳು ಬೇರೆ. ಫೋಟೊದಲ್ಲಿರುವ ಮನೆ ಒಂದು, ಹೆಸರು ಇನ್ನೊಬ್ಬರದು. ವರ್ಷಗಳಿಂದ ಯಾರೂ ಇರದ ಹಾಳು ಗೋಡೆಯನ್ನು ವಾಸದ ಮನೆ ಎಂದು ತೋರಿಸುವುದು. ದನದ ಕೊಟ್ಟಿಗೆಗೆ ಮನೆಯ ನಂಬರು ಹಚ್ಚುವುದು. ಒಂದೇ ಮನೆಯನ್ನು ಅಣ್ಣತಮ್ಮಂದಿರ ಹೆಸರಲ್ಲಿ ಎರಡು ಮಾಡಿ ಎರಡು ಬಾರಿ ಬರೆಸುವುದು. ಸಮೀಕ್ಷೆ ಬರುತ್ತದೆಂದು ತಿಳಿದು ಜೆಸಿಬಿ ತರಿಸಿ ನಿಂತ ಗೋಡೆ ಕೆಡವುವುದು. ಪಂಚನಾಮೆಯಲ್ಲಿ ಸಿ ಇದ್ದದ್ದು ಕಂಪ್ಯೂಟರಿನಲ್ಲಿ ಎ ಆಗುವುದು. ಇವುಗಳ ಹಿಂದೆ ಇನ್ನೊಂದು ಇದೆ, ಅದು ಇವೆಲ್ಲಕ್ಕಿಂತ ಕ್ರೂರ: ನಿಜವಾಗಿ ಬಿದ್ದ ಮನೆಗೆ ಬೇಕೆಂದೇ ಕಡಿಮೆ ಬರೆದು, ‘ಏನಾದರೂ ಮಾಡಿದರ ಮ್ಯಾಲಿನ ವರ್ಗಕ್ಕ ಹಾಕತೀವಿ’ ಎಂದು ಮಧ್ಯವರ್ತಿಯನ್ನು ಮನೆ ಬಾಗಿಲಿಗೆ ಕಳಿಸುವುದು. ಪತ್ರಾಸಿನ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡ ತಾಯಿ ಕಿವಿಯೋಲೆ ಅಡವಿಟ್ಟು ಆ ಹಣ ಕೊಡುತ್ತಾಳೆ. ಸಂತ್ರಸ್ತೆಯನ್ನೇ ಅಪರಾಧದ ಪಾಲುದಾರಳನ್ನಾಗಿ ಮಾಡುವ ಈ ವ್ಯವಹಾರವನ್ನು ನಾನು ಕಳ್ಳತನಕ್ಕಿಂತ ಕೀಳು ಎಂದೇ ತಿಳಿಯುತ್ತೇನೆ.

‘ಸರ್ಕಾರದ ರೊಕ್ಕ, ಯಾರಿಗೆ ಬಂದರೇನು, ನಮಗ್ಯಾಕ ಊರ ಉಸಾಬರಿ’ ಎಂಬ ಮಾತು ಇಲ್ಲಿ ಸಹಜ. ಆ ಮಾತಿನ ಹಿಂದೆ ಅಂಜಿಕೆ ಇದೆ, ನಂಟಸ್ತಿಕೆ ಇದೆ, ನಾಳೆ ಅದೇ ತಲಾಠಿಯ ಹತ್ತಿರ ಬೆಳೆ ಪರಿಹಾರಕ್ಕೆ ಹೋಗಬೇಕೆಂಬ ಲೆಕ್ಕವೂ ಇದೆ. ಅಂಜುವವರನ್ನು ನಾನು ದೂರುವುದಿಲ್ಲ. ಆದರೆ ಯಾರ ರೊಕ್ಕವೂ ಅಲ್ಲ ಎನ್ನುವುದು ನಿಜವಲ್ಲ. ಪಟ್ಟಿಯಲ್ಲಿ ಸುಳ್ಳು ಹೆಸರು ಸೇರಿವೆ ಎಂಬ ಗುಲ್ಲೆದ್ದರೆ ಮರುಪರಿಶೀಲನೆ ಶುರುವಾಗುತ್ತದೆ, ಆಗ ನಿಲ್ಲುವುದು ಎಲ್ಲರ ಕಂತು. ಬುನಾದಿ ಹಾಕಿ ಮುಂದಿನ ಕಂತಿಗೆ ಕಾದವರು ಬಡ್ಡಿ ಸಾಲ ತಂದು ಗೋಡೆ ಏರಿಸಬೇಕಾಗುತ್ತದೆ. ತಂತ್ರಾಂಶದಲ್ಲಿ ಹೆಸರು ಸೇರಿಸುವ ಗಡುವು ಮುಗಿದರೆ ನಿಜವಾದ ಸಂತ್ರಸ್ತ ಹೊರಗುಳಿಯುತ್ತಾನೆ, ಸುಳ್ಳು ಹೆಸರು ಒಳಗಿರುತ್ತದೆ.

ಇನ್ನು ಬರೆಯುವ ಕೆಲಸ. ದೂರಿನ ಜೀವ ಇರುವುದು ಸಿಟ್ಟಿನಲ್ಲಲ್ಲ, ದಾಖಲೆಯಲ್ಲಿ. ಮನೆ ಬಿದ್ದ ದಿನವೇ, ಮಣ್ಣು ಎತ್ತುವ ಮುನ್ನ, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ. ಒಂದರಲ್ಲಾದರೂ ಪಕ್ಕದ ಗುಡಿಯೋ ವಿದ್ಯುತ್ ಕಂಬವೋ ಕಾಣಲಿ, ಮನೆ ಯಾವುದೆಂದು ನಾಳೆ ವಾದ ಬಾರದು. ಮೊಬೈಲಿನಲ್ಲಿ ಸ್ಥಳದ ಗುರುತು ಚಾಲೂ ಇರಲಿ. ಸಮೀಕ್ಷೆಗೆ ಬಂದವರ ಹುದ್ದೆ, ಬಂದ ತಾರೀಖು ಬರೆದಿಟ್ಟುಕೊಳ್ಳಿ. ಪಂಚನಾಮೆಗೆ ಸಹಿ ಕೇಳಿದರೆ ಓದಿಸಿಕೊಂಡು ಮಾಡಿ. ಶೇಕಡಾವಾರಿನ ಜಾಗ ಖಾಲಿ ಇದ್ದರೆ ಸಹಿ ಮಾಡಬೇಡಿ. ಹೆಬ್ಬೆಟ್ಟು ಒತ್ತುವ ಹಿರಿಯರಿದ್ದರೆ ಮನೆಯ ಓದಿದ ಹುಡುಗನೋ ಹುಡುಗಿಯೋ ಪಕ್ಕದಲ್ಲಿ ನಿಂತಿರಲಿ.

ಆಮೇಲೆ ಕಾಗದ ಕೇಳುವುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಅರ್ಜಿ ಸಾಕು, ಬಿಪಿಎಲ್ ಕುಟುಂಬಕ್ಕೆ ಅದೂ ಬೇಡ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ತಾಲ್ಲೂಕು ಕಚೇರಿಗೆ ಹೀಗೆ ಕೇಳಿ: ಇಂಥ ಗ್ರಾಮದ ಮನೆಹಾನಿ ಪಟ್ಟಿ, ಪ್ರತಿ ಮನೆಯ ವರ್ಗ ಮತ್ತು ಶೇಕಡಾವಾರು, ಪಂಚನಾಮೆಯ ನಕಲು, ಫೋಟೊ, ಬಿಡುಗಡೆಯಾದ ಕಂತಿನ ವಿವರ. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ. ಆ ಕಾಯ್ದೆ ದಾಖಲೆ ಕೊಡಿಸುತ್ತದೆ, ಉತ್ತರ ಕೊಡಿಸುವುದಿಲ್ಲ. 30 ದಿನದಲ್ಲಿ ಮಾಹಿತಿ ಬರಬೇಕು. ನಕಲಿನ ಖರ್ಚು ಹೆಚ್ಚೆನಿಸಿದರೆ ಕಡತ ನೋಡಲು ಅವಕಾಶ ಕೇಳಬಹುದು, ಅದೂ ಇದೇ ಕಾಯ್ದೆಯ ಹಕ್ಕು. ಸಹಾಯಧನದ ಯೋಜನೆಗಳಲ್ಲಿ ಯಾರಿಗೆ ಎಷ್ಟು ಸಿಕ್ಕಿತೆಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ‘ಅದು ಖಾಸಗಿ ವಿಷಯ’ ಎಂದು ಯಾರಾದರೂ ಪಟ್ಟಿ ಮುಚ್ಚಿಟ್ಟರೆ ಈ ಸೆಕ್ಷನ್ ತೋರಿಸಿ.

ದಾಖಲೆ ಕೈಗೆ ಬಂದ ಮೇಲೆ ದೂರು ಹೇಗಿರಬೇಕು? ‘ನಮ್ಮ ಊರಿನ ಅಧಿಕಾರಿಗಳೆಲ್ಲ ಲಂಚ ತಿಂದು ಬೇಕಾದವರಿಗೆ ಮನೆ ಹಾಕಿದ್ದಾರೆ, ಕಠಿಣ ಕ್ರಮ ಕೈಗೊಳ್ಳಬೇಕು’ ಎಂಬ ಅರ್ಜಿ ಓದುವವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಪಟ್ಟಿಯ ಇಂಥ ಕ್ರಮಸಂಖ್ಯೆಯಲ್ಲಿರುವ, ಪಂಚಾಯ್ತಿಯ ಇಂಥ ನಂಬರಿನ ಆಸ್ತಿಗೆ ಎ ವರ್ಗ ನೀಡಲಾಗಿದೆ. ಪಂಚನಾಮೆ ಮಾಡಿದ ತಾರೀಖು ಇದು. ಆ ಕಟ್ಟಡದ ಇಂದಿನ ಫೋಟೊ ಲಗತ್ತಿಸಿದೆ, ನಾಲ್ಕು ಗೋಡೆ ಮತ್ತು ಮಾಳಿಗೆ ಹಾಗೇ ಇವೆ, ಹೊಸದಾಗಿ ಕಟ್ಟಿದ ಗುರುತಿಲ್ಲ. ಸ್ಥಳ ಪರಿಶೀಲನೆ ನಡೆಸಿ, ವರದಿಯ ಪ್ರತಿ ನಮಗೆ ಕೊಡಬೇಕು’ ಎಂದು ಬರೆದರೆ ಅಧಿಕಾರಿ ಒಂದೋ ಬಂದು ನೋಡಬೇಕು, ಇಲ್ಲವೇ ಯಾಕೆ ನೋಡಲಿಲ್ಲ ಎಂದು ಹಿಂಬರಹ ಕೊಡಬೇಕು. ಕಂಡದ್ದನ್ನು ಮಾತ್ರ ಬರೆಯಿರಿ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ. ಹೆಸರು ಹಿಡಿದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಅದರಿಂದ ತನಿಖೆ ಹುಟ್ಟುವುದಿಲ್ಲ, ಮಾನನಷ್ಟದ ನೋಟಿಸು ಮಾತ್ರ ಹುಟ್ಟುತ್ತದೆ. ಒಬ್ಬರೇ ಸಹಿ ಮಾಡಲು ಅಂಜಿಕೆಯಾದರೆ ಓಣಿಯ ಹತ್ತು ಜನ ಕೂಡಿ ಮಾಡಿ. ಹೆಸರಿಲ್ಲದ ಅರ್ಜಿಗೆ ಬೆಲೆ ಬಹಳ ಕಡಿಮೆ.

ಅರ್ಜಿ ಮೊದಲು ತಹಶೀಲ್ದಾರರಿಗೆ. ಅಲ್ಲಿ ಕದಲದಿದ್ದರೆ ಬೈಲಹೊಂಗಲದಲ್ಲಿರುವ ಉಪವಿಭಾಗಾಧಿಕಾರಿಗೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಆ ಕಚೇರಿಯ ವ್ಯಾಪ್ತಿಗೇ ಬರುತ್ತವೆ. ಅದರ ಮೇಲೆ ಬೆಳಗಾವಿಯ ಜಿಲ್ಲಾಧಿಕಾರಿ. ಅವರು ಬರೀ ಕಂದಾಯದ ಮುಖ್ಯಸ್ಥರಲ್ಲ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಹೌದು. ದೂರಿನಲ್ಲಿ ಅವರನ್ನು ಆ ಹೆಸರಿನಿಂದಲೇ ಉದ್ದೇಶಿಸಿ. ಕಾರಣವಿದೆ. ಆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಸುಳ್ಳೆಂದು ಗೊತ್ತಿದ್ದೂ ವಿಪತ್ತಿನ ಪರಿಹಾರ, ದುರಸ್ತಿ, ಮರುನಿರ್ಮಾಣಕ್ಕೆ ಹಕ್ಕು ಮಂಡಿಸಿ ಲಾಭ ಪಡೆಯಲು ಹೋದವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಪರಿಹಾರದ ಹಣವನ್ನು ದುರುಪಯೋಗ ಮಾಡಿದವರಿಗೆ 53ನೇ ಸೆಕ್ಷನ್ ಅಷ್ಟೇ ಶಿಕ್ಷೆ ಹೇಳುತ್ತದೆ. ಇನ್ನೂ ಮುಖ್ಯವಾದದ್ದು 60ನೇ ಸೆಕ್ಷನ್. ಪ್ರಾಧಿಕಾರ ತಾನಾಗಿ ದೂರು ಹೂಡದಿದ್ದರೆ, ದೂರು ಕೊಡುವ ಉದ್ದೇಶವನ್ನು ಕನಿಷ್ಠ 30 ದಿನ ಮೊದಲು ನೋಟಿಸ್ ಮೂಲಕ ತಿಳಿಸಿದ ಯಾವುದೇ ವ್ಯಕ್ತಿ ನ್ಯಾಯಾಲಯಕ್ಕೆ ಹೋಗಬಹುದು. ಸಾಮಾನ್ಯ ಹಳ್ಳಿಗನ ಕೈಗೆ ಕಾನೂನು ಕೊಟ್ಟ ದೊಡ್ಡ ಅಸ್ತ್ರ ಇದು; ತಾಲ್ಲೂಕಿನ ವಕೀಲರ ಸಂಘಗಳು ಇಂಥ ಒಂದೆರಡು ಪ್ರಕರಣಗಳನ್ನು ಫೀ ಇಲ್ಲದೆ ಕೈಗೆತ್ತಿಕೊಂಡರೆ ಈ ಭಾಗಕ್ಕೆ ದೊಡ್ಡ ಉಪಕಾರ.

ಲಂಚ ಕೇಳಿದ್ದರೆ ದಾರಿ ಬೇರೆ, ಅದು ಲೋಕಾಯುಕ್ತ. 2016ರಲ್ಲಿ ಬಂದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿದ ಮೇಲೆ ಭ್ರಷ್ಟಾಚಾರದ ಪ್ರಕರಣ ದಾಖಲಿಸುವ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ. ಬೆಳಗಾವಿಯಲ್ಲೇ ಅವರ ಕಚೇರಿ ಇದೆ. ಹಣ ಕೊಡುವ ಮೊದಲೇ ಹೋದರೆ ಅತಿ ಉತ್ತಮ. ಅವರ ಜೊತೆ ಸೇರಿ ಬಲೆ ಹಾಕಲು ಕೊಟ್ಟ ಹಣ ನಿಮ್ಮ ಮೇಲೆ ಅಪರಾಧವಾಗುವುದಿಲ್ಲ. ಒತ್ತಾಯಕ್ಕೆ ಈಗಾಗಲೇ ಕೊಟ್ಟಿದ್ದರೆ? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಈ ಏಳು ದಿನದ ಮಾತು ಪ್ರತಿ ಪಂಚಾಯ್ತಿಯ ಗೋಡೆಯ ಮೇಲೆ ಬರೆಸಬೇಕಾದಷ್ಟು ಮುಖ್ಯ. ಕಿವಿಯೋಲೆ ಅಡವಿಟ್ಟ ತಾಯಿಗೆ ಅದು ಗೊತ್ತಿಲ್ಲದ ಕಾರಣಕ್ಕೇ ಆಕೆಯ ಬಾಯಿ ಕಟ್ಟಿದೆ.

ಲೋಕಾಯುಕ್ತಕ್ಕೆ ಲಿಖಿತ ದೂರು ಕೊಡುವುದಾದರೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಬೇಕು. ಕೆಲಸ ಆಗದ, ಅನ್ಯಾಯವಾದ ಅಹವಾಲಾದರೆ ವಿಷಯ ತಿಳಿದ ಆರು ತಿಂಗಳೊಳಗೆ ಹೋಗಬೇಕು. ಅಧಿಕಾರಿಯ ಮೇಲಿನ ದುರ್ನಡತೆಯ ಆರೋಪವಾದರೆ ಐದು ವರ್ಷದೊಳಗೆ. ಪ್ರಮಾಣ ಮಾಡಿ ಸುಳ್ಳು ದೂರು ಕೊಟ್ಟವರಿಗೂ ಶಿಕ್ಷೆ ಇದೆ ಎಂಬುದನ್ನು ಹಳೆಯ ದ್ವೇಷ ತೀರಿಸಿಕೊಳ್ಳಲು ಹೊರಟವರು ನೆನಪಿಡಲಿ. ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಕರೆ ಮಾಡಬಹುದು. ಅಲ್ಲಿ ಸಿಗುವ ದೂರಿನ ನಂಬರು ಮುಂದಿನ ಅರ್ಜಿಗಳಲ್ಲಿ ಕೆಲಸಕ್ಕೆ ಬರುತ್ತದೆ.

ಮನೆಯ ಬೆಲೆ ಕಟ್ಟುವವರ ಮೇಲೆ ಒತ್ತಡ ಬರುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ ಮನೆ ಸಾಲ ಕೊಡುವವರೇ ಬೆಲೆ ಹೆಚ್ಚು ಬರೆಯುವಂತೆ ಅಂದಾಜುದಾರರನ್ನು ಒತ್ತಾಯಿಸುತ್ತಿದ್ದರು. 2007ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಇಂಥದ್ದೊಂದು ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ದರು. ಮರುವರ್ಷ ಅಲ್ಲಿನ ಸಾಲದ ಕಟ್ಟಡವೇ ಕುಸಿಯಿತು. 2010ರ ಡಾಡ್-ಫ್ರಾಂಕ್ ಕಾಯ್ದೆ ಬೆಲೆ ಕಟ್ಟುವವರ ಮೇಲೆ ಒತ್ತಡ ಹೇರುವುದನ್ನು ನಿಷೇಧಿಸಿತು. ಅದರ ಜೊತೆಗೆ, ನಿಯಮ ಮೀರಿದ ಬೆಲೆ ಅಂದಾಜು ಕಂಡ ಸಾಲದಾತ ಅದನ್ನು ರಾಜ್ಯದ ಸಂಸ್ಥೆಗೆ ತಿಳಿಸಲೇಬೇಕು ಎಂದಿತು. ಕಂಡೂ ಸುಮ್ಮನಿರುವುದಕ್ಕೆ ಅಲ್ಲಿ ಅವಕಾಶ ಇಲ್ಲ. ನಮ್ಮ ಸಮೀಕ್ಷೆಯಲ್ಲಿ ಮೂರು ಜನ ಸಹಿ ಮಾಡುತ್ತಾರೆ. ಒಬ್ಬ ಸುಳ್ಳು ಬರೆದರೆ ಉಳಿದಿಬ್ಬರಿಗೆ ಅದು ಗೊತ್ತಿಲ್ಲದಿರಲು ಸಾಧ್ಯವಿಲ್ಲ. ಅವರ ಮೌನವನ್ನೂ ತಪ್ಪೆಂದು ಎಣಿಸುವ ನಿಯಮ ನಮಗೂ ಬೇಕು.

ಬ್ಯಾಂಕಿನ ಮನೆ ಸಾಲದ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬ್ಯಾಂಕಿನ ಪಟ್ಟಿಯಲ್ಲಿರುವ ವ್ಯಾಲ್ಯುಯರ್ ಮನೆಗೆ ಬಾರದೆಯೇ ವರದಿ ಕೊಟ್ಟಿದ್ದರೆ, ಮಧ್ಯವರ್ತಿ ‘ಬೆಲೆ ಏರಿಸಿಕೊಡುತ್ತೇನೆ’ ಎಂದು ಕಮಿಷನ್ ಕೇಳಿದ್ದರೆ, ಮೊದಲು ಬ್ಯಾಂಕಿಗೇ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಊರೂರಿಗೆ ಇರುವ ಪತ್ತಿನ ಸಂಘಗಳು, ಸೌಹಾರ್ದಗಳು ಬ್ಯಾಂಕುಗಳಲ್ಲ, ಅವುಗಳ ದೂರು ಅಲ್ಲಿ ನಡೆಯುವುದಿಲ್ಲ, ಸಹಕಾರ ಇಲಾಖೆಗೇ ಹೋಗಬೇಕು. ಏರಿಸಿದ ಬೆಲೆಯ ಮೇಲೆ ಹೆಚ್ಚು ಸಾಲ ಸಿಕ್ಕಿತೆಂದು ಹಿಗ್ಗುವವರಿಗೆ ಒಂದು ಮಾತು: ಕಂತು ತಪ್ಪಿ ಮನೆ ಹರಾಜಿಗೆ ಬಂದ ದಿನ ಅದು ನಿಜವಾದ ಬೆಲೆಗೇ ಹೋಗುತ್ತದೆ, ಉಳಿದ ಸಾಲ ನಿಮ್ಮ ತಲೆಯ ಮೇಲೇ ಇರುತ್ತದೆ.

ಮತ್ತೆ ಹೊಳೆಯ ದಂಡೆಗೆ ಬರೋಣ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾನದಂಡದಲ್ಲಿ ಬಯಲುಸೀಮೆಯ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ಶೇ 15ಕ್ಕಿಂತ ಕಡಿಮೆಯಿಲ್ಲದಂತೆ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಎಷ್ಟೇ ಪರಿಷ್ಕರಿಸಿದರೂ ಗೆರೆ ಇರುವಲ್ಲಿ ಗೆರೆ ದಾಟಿಸುವ ವ್ಯಾಪಾರ ಇರುತ್ತದೆ. ಅದನ್ನು ಕಡಿಮೆ ಮಾಡಲು ಜಿಲ್ಲಾಡಳಿತಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸಮೀಕ್ಷೆ ಮುಗಿದ ವಾರದೊಳಗೆ ಹೆಸರು, ಮನೆ ನಂಬರು, ಶೇಕಡಾವಾರು, ವರ್ಗ, ಫೋಟೊ ಸಮೇತ ಪಟ್ಟಿಯನ್ನು ಪಂಚಾಯ್ತಿ ಬೋರ್ಡಿಗೆ ಹಚ್ಚಲಿ. ಗ್ರಾಮಸಭೆ ಕರೆದು ಒಂದೊಂದೇ ಹೆಸರು ಓದಲಿ. ಓಣಿಯ ಜನದ ಎದುರಿಗೆ ಇಂಥವನ ಮನೆ ಮುಕ್ಕಾಲು ಬಿದ್ದಿದೆ ಎಂದು ಸುಳ್ಳು ಓದುವುದು ಎಂಥ ಗಟ್ಟಿ ಎದೆಯವನಿಗೂ ಕಷ್ಟ. ಮಣ್ಣಿನ ಗೋಡೆಯ ಮನೆಗಳನ್ನು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ನೋಡಲಿ. ಮರುಸಮೀಕ್ಷೆಗೆ ಮೊದಲು ಬಂದ ತಂಡ ಬೇಡ, ಬೇರೆ ತಾಲ್ಲೂಕಿನ ಎಂಜಿನಿಯರು ಬರಲಿ.

ಇಷ್ಟನ್ನು ಅಧಿಕಾರಿಗಳು ಮಾಡುವವರೆಗೆ ಕೆಲಸ ನಿಮ್ಮದೇ. ಮುಂದಿನ ಮಳೆಗಾಲಕ್ಕೆ ಮುನ್ನ ನಿಮ್ಮ ಮನೆ ಗಟ್ಟಿಯಾಗಿ ನಿಂತಿರುವ ಫೋಟೊ ಒಂದು ತೆಗೆದಿಡಿ. ಉತಾರದಲ್ಲಿ ನಿಮ್ಮ ಹೆಸರು ಇದೆಯೋ ನೋಡಿ, ಇಲ್ಲದಿದ್ದರೆ ಈಗಲೇ ವಾರಸಾ ಮಾಡಿಸಿ. ದೂರು ಕೊಡುವ ದಿನ ಬಂದರೆ ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಕಚೇರಿಯ ಸೀಲು, ತಾರೀಖು, ಆವಕ ನಂಬರು ಹಾಕಿಸಿಕೊಳ್ಳದೆ ಹಿಂದಿರುಗಬೇಡಿ.